ಮೊದಲು ನಿನ್ನ ಮೇಜು, ಆಮೇಲೆ ಪರದೆ

ಮರಳೂರಿನ ಶಾಲೆಗೆ ಮೇಷ್ಟರಾಗಿ ಸೇರಿದ ಹೊಸದರಲ್ಲಿ ನೀನು ಕೇಳಿದ್ದು ಒಂದೇ: ‘ಕಂಪ್ಯೂಟರಿನಲ್ಲಿ ಏನೇನು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?’ ಪ್ರಶ್ನೆಯ ಹಿಂದಿನ ಅಳುಕು ನನಗೆ ಗೊತ್ತಾಯಿತು. 1979ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಜಾಗ ಅದು. ಟೀ ಅಂಗಡಿಯಲ್ಲಿ ನಿಂತರೂ ಕೋಡಿಂಗ್ ಮಾತು ಕಿವಿಗೆ ಬಿದ್ದೀತು. ಆ ಕಾಲೇಜಿನ ಹುಡುಗರಿಗೆ ಬೇಕಾದ ವಿದ್ಯೆ ಬೇರೆ, ಮೇಷ್ಟರಿಗೆ ಬೇಕಾದದ್ದು ಬೇರೆ. ನನ್ನ ಮಾತು ಇಷ್ಟೇ: ಮೊದಲು ನಿನ್ನ ಮೇಜಿನ ಮೇಲಿನ ಕೆಲಸ ಹಗುರ ಮಾಡಿಕೊ, ತರಗತಿಯ ಪರದೆ ಆಮೇಲೆ. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ. ಹಗಲು ಪ್ರಾಜೆಕ್ಟರ್ ಹಾಕಿ ಸ್ಲೈಡ್ ತಿರುಗಿಸುತ್ತಾರೆ, ರಾತ್ರಿ ಕೂತು ಬೆರಳೆಣಿಸಿ ಅಂಕ ಕೂಡುತ್ತಾರೆ.

ಹಗುರ ಮಾಡಿಕೊಳ್ಳುವುದಕ್ಕೆ ಮೊದಲು ಬೇಕಾದದ್ದು ಕನ್ನಡ ಟೈಪಿಂಗ್. ಪ್ರಶ್ನೆಪತ್ರಿಕೆ, ಸುತ್ತೋಲೆಗೆ ಉತ್ತರ, ಪಾಠಯೋಜನೆ ಎಲ್ಲದಕ್ಕೂ ಡಿಟಿಪಿ ಅಂಗಡಿಗೆ ಓಡಬೇಡ. ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶದ ಮೂಲಕ ಮನೆಮನೆಗೆ ಮುಟ್ಟಿಸಿದೆ. ಅದರ ಲೆಕ್ಕ ಸರಳ. ‘ಕೆ’ ಒತ್ತಿದರೆ ಕ, ‘ಎಫ್’ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಎ, ಕೆ, ಎಫ್, ಕೆ ಎಂದು ಸಾಲಾಗಿ ಒತ್ತಿದರೆ ‘ಅಕ್ಕ’ ಮೂಡುತ್ತದೆ. ದಿನಕ್ಕೆ ಅರ್ಧ ಗಂಟೆ ಕೈ ಆಡಿಸು, ತಾನಾಗಿ ಬರುತ್ತದೆ. ಆದರೆ ಒಂದು ಎಚ್ಚರ. ಬರೆಯುವುದೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ನೋಡು: ಕನ್ನಡ ಇರಬೇಕಾದ ಕಡೆ ಟೊಪ್ಪಿಗೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆ ಕಡತದೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸಿತ್ತು, ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಸ್ವಂತ ವಿಭಾಗವಿದೆ. ಅದರಲ್ಲಿ ಬರೆದದ್ದನ್ನು ಯಾವ ಫೋನಿನಲ್ಲೂ ಓದಬಹುದು, ಹುಡುಕಬಹುದು, ಮುಂದಿನ ವರ್ಷ ತಿದ್ದಿ ಬಳಸಬಹುದು.

ಎರಡನೆಯದು ಎಕ್ಸೆಲ್ ಹಾಳೆ. ಎಫ್‌ಎ, ಎಸ್‌ಎ ಮೌಲ್ಯಮಾಪನಗಳ ಅಂಕ ಕೂಡುವುದಕ್ಕೆ ಅದು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಕೂಡುವುದು ಅದರ ಸಣ್ಣ ಉಪಯೋಗ. ದೊಡ್ಡ ಉಪಯೋಗ ಹೇಳುತ್ತೇನೆ. 10 ಪ್ರಶ್ನೆಯ ಒಂದು ಕಿರುಪರೀಕ್ಷೆ ಕೊಟ್ಟೆ ಎಂದಿಟ್ಟುಕೊ, ತರಗತಿಯಲ್ಲಿ 40 ಮಕ್ಕಳು. ಅಡ್ಡಸಾಲಿಗೊಂದು ಮಗು, ಕಂಬಸಾಲಿಗೊಂದು ಪ್ರಶ್ನೆ. ಸರಿಯಿದ್ದರೆ 1, ತಪ್ಪಿದ್ದರೆ 0. ಅಡ್ಡಕ್ಕೆ ಕೂಡಿದರೆ ಮಗುವಿನ ಅಂಕ ಸಿಗುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ನೀನು ಕೆಳಕ್ಕೂ ಕೂಡು. ಏಳನೇ ಪ್ರಶ್ನೆ ಭಿನ್ನರಾಶಿಯದ್ದು, ಅದರ ಕೆಳಗೆ 9 ಬಂತು ಅನ್ನು. 31 ಮಕ್ಕಳು ಒಟ್ಟಿಗೆ ದಡ್ಡರಾಗುವುದಿಲ್ಲ. ಛೇದ ಬೇರೆಬೇರೆ ಇರುವ ಭಿನ್ನರಾಶಿ ಕೂಡುವುದನ್ನು ಇನ್ನೊಮ್ಮೆ, ಬೇರೆ ರೀತಿಯಲ್ಲಿ ಹೇಳಿಕೊಡಬೇಕು ಎಂದು ಆ 9 ನಿನಗೆ ಹೇಳುತ್ತಿದೆ. ಬರೀ ಅಂಕಪಟ್ಟಿ ಇಟ್ಟುಕೊಂಡವರಿಗೆ ಇದು ಕಾಣುವುದೇ ಇಲ್ಲ.

ಇನ್ನು ಕಡತಗಳ ಶಿಸ್ತು. ‘ಹೊಸದು’, ‘ಫೈನಲ್’, ‘ಫೈನಲ್ ಎರಡು’ ಎಂದೆಲ್ಲ ಹೆಸರಿಡಬೇಡ. ವರ್ಷ, ತಿಂಗಳು, ತರಗತಿ, ವಿಷಯ ಹೆಸರಿನಲ್ಲೇ ಇದ್ದರೆ ಹುಡುಕುವ ಕೆಲಸವೇ ಇಲ್ಲ. ಮುಖ್ಯವಾದದ್ದು ಎರಡು ಕಡೆ ಇರಲಿ. ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ಜಾಲತಾಣದ ಪಾಸ್‌ವರ್ಡನ್ನು ಬೀರುವಿನ ಬಾಗಿಲಿಗೆ ಅಂಟಿಸುವ ಚಾಳಿ ಬೇಡ. ಇಲಾಖೆಯ ವಾಟ್ಸಾಪ್ ಗ್ರೂಪ್‌ಗಳನ್ನು ನೋಡಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊ. ಮಕ್ಕಳ ಎದುರು ಪಾಠದ ನಡುವೆ ಫೋನ್ ತೆಗೆಯುವ ಟೀಚರಿಗೆ, ಫೋನ್ ಬಿಡಿ ಎಂದು ಅವರಿಗೆ ಹೇಳುವ ಬಾಯಿ ಇರುವುದಿಲ್ಲ.

ಇಷ್ಟಾದ ಮೇಲೆ ಪರದೆಗೆ ಬಾ. ಕಪ್ಪುಹಲಗೆ ತೋರಿಸಲಾರದ್ದನ್ನು ಮಾತ್ರ ಪರದೆಗೆ ಕೊಡು. ಹಲಗೆಯ ಮೇಲೆ ಬರೆದ ತ್ರಿಭುಜ ಅಲ್ಲಾಡುವುದಿಲ್ಲ. ಜಿಯೋಜೀಬ್ರಾ ತಂತ್ರಾಂಶದಲ್ಲಿ ಒಂದು ಶೃಂಗ ಹಿಡಿದು ಎಳೆಯಲು ಮಗುವಿಗೇ ಬಿಡು. ಆಕಾರ ಹೇಗೆ ಬದಲಾದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಿಂದ ಕದಲದು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಫೆಟ್ ಯೋಜನೆಯ ವಿದ್ಯುನ್ಮಂಡಲ ಸಿಮ್ಯುಲೇಶನ್ನಿನಲ್ಲಿ ತಂತಿ ಜೋಡಿಸಿದರೆ ಎಲೆಕ್ಟ್ರಾನುಗಳು ಹರಿಯುವುದು ಕಾಣುತ್ತದೆ; ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. 2017ರಲ್ಲಿ ಬಂದ ದೀಕ್ಷಾ ಆ್ಯಪ್‌ನ ಪಾಠಗಳನ್ನೂ ಹಾಗೆಯೇ ಮನೆಯಲ್ಲೇ ಇಳಿಸಿಕೊ, ಕೊನೆಯವರೆಗೂ ನೀನೇ ನೋಡು, ಆಮೇಲೆ ಬೇಕಾದ ಎರಡು ನಿಮಿಷ ಮಾತ್ರ ತೋರಿಸು. ಕಡಲೆಕಾಳು ಮೊಳೆಯುವುದಕ್ಕೆ ವಿಡಿಯೊ ಬೇಡ, ಒದ್ದೆಬಟ್ಟೆ ಸಾಕು.

ಮರಳೂರಿನಲ್ಲೇ ಒಂದು ಒಳ್ಳೆಯ ಪಾಠ ಕಾದಿದೆ. ಮಕ್ಕಳನ್ನು ಮೊದಲು ಅಲ್ಲಿನ ಕೆರೆ ಏರಿಯ ಮೇಲೆ ನಿಲ್ಲಿಸು. ನೀರು ಯಾವ ಕಡೆಯಿಂದ ಬರುತ್ತದೆ, ಕೋಡಿ ಎಲ್ಲಿದೆ ಎಂದು ಅವರೇ ನೋಡಿ ನಕ್ಷೆ ಬರೆಯಲಿ. ಆಮೇಲೆ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆ. ನಿಂತ ಜಾಗದ ಸರ್ವೆ ನಂಬರು, ಕೆರೆಯ ಗಡಿ, ಹಳ್ಳ, ರಾಜಕಾಲುವೆ ಅದರಲ್ಲಿವೆ. ಮಕ್ಕಳು ಬರೆದ ನಕ್ಷೆಯನ್ನು ಅದರ ಪಕ್ಕ ಇಡು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತೆಗೆದರೆ ಊರು ಹೇಗೆ ಬೆಳೆಯಿತು ಎಂದೂ ತಿಳಿಯುತ್ತದೆ. ನಕ್ಷೆ, ಅಳತೆ, ಮಳೆನೀರಿನ ದಾರಿ, ಪೌರನೀತಿ ಎಲ್ಲ ಒಂದೇ ಪಾಠದಲ್ಲಿ ಬರುತ್ತವೆ.

ಈಗ ಎಐ ಬಂದಿದೆ. ಪ್ರಶ್ನೆ ತಯಾರಿಸಲು, ಕಠಿಣ ಗದ್ಯವನ್ನು ಸರಳ ಮಾಡಲು ಕೇಳು, ತಪ್ಪಿಲ್ಲ. ಕೊಟ್ಟ ಉತ್ತರವನ್ನು ಪಠ್ಯಪುಸ್ತಕದ ಎದುರು ಇಟ್ಟು ನೋಡದೆ ತರಗತಿಗೆ ಒಯ್ಯಬೇಡ. ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಮಕ್ಕಳ ಹೆಸರು, ಸ್ಯಾಟ್ಸ್ ಸಂಖ್ಯೆ, ಫೋಟೊ ಅದಕ್ಕೆ ಕೊಡಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಹಾಗಿರಲಿ, ಕಡಿಮೆ ಅಂಕ ತೆಗೆದ ಹುಡುಗನ ಹೆಸರು ಪೋಷಕರ ಗ್ರೂಪಿನಲ್ಲಿ ಹರಿದಾಡಿದರೆ ಅವನು ನಾಳೆ ಬೆಂಚಿನ ಮೇಲೆ ಹೇಗೆ ಕೂರುತ್ತಾನೆ, ಯೋಚಿಸು.

ಯಂತ್ರ ಉಳಿಸಿಕೊಟ್ಟ ಹೊತ್ತನ್ನು ಇನ್ನೊಂದು ಯಂತ್ರಕ್ಕೆ ಸುರಿಯಬೇಡ. ಅದು ಓದಲು ತಡವರಿಸುವ ಮಗುವಿನ ಪಕ್ಕ ಕೂರುವುದಕ್ಕೆ ಸಲ್ಲಬೇಕು. ಎಲ್ಲವನ್ನೂ ಒಟ್ಟಿಗೆ ಹಿಡಿಯಲೂ ಹೋಗಬೇಡ. ಈ ಸೋಮವಾರ 10 ಪ್ರಶ್ನೆಯ ಕಿರುಪರೀಕ್ಷೆ ಕೊಡು, ಸಂಜೆ 1 ಮತ್ತು 0 ತುಂಬು, ಕೆಳಕ್ಕೆ ಕೂಡು. ಅತಿ ಕಡಿಮೆ ಮೊತ್ತ ಬಂದ ಪ್ರಶ್ನೆಯಿಂದ ಮಂಗಳವಾರದ ಪಾಠ ಶುರು ಮಾಡು.