ಸೀಬೆಯೋ ಪೇರಲವೋ: ಶಾಲೆಯ ಅಂಗಳದಲ್ಲಿ ಸಸ್ಯೋದ್ಯಾನದ ಪಾಠ

ತರಗತಿ: 7
ವಿಷಯ: ವಿಜ್ಞಾನ
ಪಾಠಾಂಶ: ಸಸ್ಯೋದ್ಯಾನ ಮತ್ತು ಸಸ್ಯಗಳ ಹೆಸರು
ಅವಧಿ: 40 ನಿಮಿಷಗಳ 2 ಅವಧಿಗಳು
ಸ್ಥಳ: ನಾಗನೂರ, ಮೂಡಲಗಿ ತಾಲೂಕು

ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಯ ಎರಡನೆಯ ವಾರದಲ್ಲಿ ಪೂರ್ವಜ್ಞಾನ ತಿಳಿಯಲು ಒಂದು ಚಿಕ್ಕ ಪರೀಕ್ಷೆ ಕೊಟ್ಟೆ. ಐದು ಹಣ್ಣಿನ ಗಿಡಗಳ ಹೆಸರು ಬರೆಯಬೇಕಿತ್ತು. ಉತ್ತರಪತ್ರಿಕೆ ತಿದ್ದುವಾಗ ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ‘ಪೇರಲ’ ಎಂದು ಬರೆದು ಅಳಿಸಿ, ಅದರ ಮೇಲೆ ‘ಸೀಬೆ’ ಎಂದು ಬರೆದದ್ದು ಕಂಡಿತು. ಮರುದಿನ ಸೀಬೆ ಎಂದರೆ ಯಾವ ಹಣ್ಣು ಎಂದು ಕೇಳಿದೆ. “ಗೊತ್ತಿಲ್ರಿ ಸರ, ಪುಸ್ತಕದಾಗ ಹಂಗ ಐತ್ರಿ” ಎಂದಳು. ಶಾಲೆಯ ಬೋರ್‌ವೆಲ್ ಪಕ್ಕದಲ್ಲೇ ಪೇರಲ ಗಿಡವಿತ್ತು. ಅದರ ಹಣ್ಣು ತಿಂದೇ ಆಕೆ ಬೆಳೆದಿದ್ದಳು.

ಗೊತ್ತಿರುವ ಹೆಸರನ್ನು ಅಳಿಸಿ ಗೊತ್ತಿಲ್ಲದ ಹೆಸರನ್ನು ಬರೆಯುವುದು ಕಲಿಕೆಯಲ್ಲ. ಇದನ್ನು ಹಾಗೆಯೇ ಬಿಟ್ಟರೆ ಮನೆಯ ಮಾತು ತಪ್ಪು, ಪುಸ್ತಕದ ಮಾತು ಸರಿ ಎಂಬ ಭಾವನೆ ಮಗುವಿನಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಸಸ್ಯೋದ್ಯಾನದ ಪಾಠವನ್ನು ಹೆಸರಿನ ಪ್ರಶ್ನೆಯಿಂದಲೇ ಆರಂಭಿಸಲು ಯೋಜಿಸಿದೆ.

ಉದ್ದೇಶಗಳು

1. ಉದ್ಯಾನಕ್ಕೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸವನ್ನು ಹೇಳುವುದು.
2. ಒಂದೇ ಗಿಡಕ್ಕೆ ಹಲವು ಹೆಸರುಗಳಿರುವುದನ್ನು ಗುರುತಿಸಿ, ವೈಜ್ಞಾನಿಕ ಹೆಸರಿನ ಅಗತ್ಯವನ್ನು ವಿವರಿಸುವುದು.
3. ಎಲೆಗಳನ್ನು ಪರೀಕ್ಷಿಸಿ ಸಸ್ಯಗಳ ಸಂಬಂಧವನ್ನು ಕಂಡುಕೊಳ್ಳುವುದು.

ಬೋಧನೋಪಕರಣಗಳು: ಲಾಲ್‌ಬಾಗಿನ ಚಿತ್ರಗಳು, ಪೇರಲ, ನೇರಳೆ ಮತ್ತು ನೀಲಗಿರಿ ಎಲೆಗಳು, ಹಳೆಯ ತಗಡಿನ ತುಂಡುಗಳು, ಬಣ್ಣ, ತಂತಿ.

ಮೊದಲ ಅವಧಿ

ನಾಗನೂರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ತರಗತಿಯಲ್ಲಿ ಲಾಲ್‌ಬಾಗ್ ನೋಡಿದ ಮಕ್ಕಳು ಇಬ್ಬರೇ. ಚಿತ್ರ ತೋರಿಸಿ ಕಥೆಯಂತೆ ಹೇಳಿದೆ: 1760ರಲ್ಲಿ ಹೈದರಾಲಿ ಆರಂಭಿಸಿದ ತೋಟವನ್ನು ಟಿಪ್ಪು ಸುಲ್ತಾನ್ ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇಂದು ಅದರ ವಿಸ್ತಾರ ಸುಮಾರು 240 ಎಕರೆ. ಬೆಳಿಗ್ಗೆ ವಾಯುವಿಹಾರಕ್ಕೆ ಬರುವವರು, ಎಲೆ ನೋಡಿ ಟಿಪ್ಪಣಿ ಬರೆಯುವ ಕಾಲೇಜಿನವರು, ಕಳೆ ಕೀಳುವ ಮಾಲಿಗಳು, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ ಫಲಪುಷ್ಪ ಪ್ರದರ್ಶನಕ್ಕೆ ಸೇರುವ ಜನ, ಎಲ್ಲರಿಗೂ ಅದೇ ತೋಟ.

“ಹಂಗಾದ್ರ ಅದು ಪಾರ್ಕ್ ಅಲ್ಲೇನ್ರಿ ಸರ?” ಎಂದು ಒಬ್ಬ ಕೇಳಿದ. ನಾನು ಬಯಸಿದ ಪ್ರಶ್ನೆಯೇ ಬಂತು. ಸಸ್ಯೋದ್ಯಾನದಲ್ಲಿ ಗಿಡಗಳನ್ನು ಅಂದಕ್ಕಷ್ಟೇ ಬೆಳೆಸುವುದಿಲ್ಲ. ಪ್ರತಿ ಗಿಡದ ಹೆಸರು, ಕುಟುಂಬ, ಮೂಲನೆಲೆಗಳನ್ನು ದಾಖಲಿಸುತ್ತಾರೆ. ಹೊಸ ಗಿಡಗಳನ್ನು ತಂದು ನಮ್ಮ ಮಣ್ಣಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಉದಾಹರಣೆಗೆ ಸೀಮೆಬದನೆ. ಮೆಕ್ಸಿಕೋ ಕಡೆಯ ಈ ಬಳ್ಳಿ ನಮ್ಮಲ್ಲಿ ಹರಡಿದ್ದು ಲಾಲ್‌ಬಾಗಿನ ಮೂಲಕ, ಅಲ್ಲಿನ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಕಾಲದಲ್ಲಿ ಎನ್ನುತ್ತಾರೆ. ತಮಿಳರು ಅದನ್ನು ಇಂದಿಗೂ ‘ಬೆಂಗಳೂರು ಬದನೆ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ನಂತರ ಕಪ್ಪುಹಲಗೆಯಲ್ಲಿ ಎರಡು ಕಾಲಂ ಎಳೆದೆ. ಒಂದು ಕಡೆ ‘ನಮ್ಮೂರಾಗ’, ಇನ್ನೊಂದು ಕಡೆ ‘ಪುಸ್ತಕದಾಗ’. ಶೇಂಗಾ–ಕಡಲೆಕಾಯಿ, ಉಳ್ಳಾಗಡ್ಡಿ–ಈರುಳ್ಳಿ, ಗೋವಿನಜೋಳ–ಮುಸುಕಿನ ಜೋಳ, ಪೇರಲ–ಸೀಬೆ. ಪಟ್ಟಿ ಬೆಳೆದಂತೆ ಅದೇ ವಿದ್ಯಾರ್ಥಿನಿ ಎದ್ದು “ಎರಡರಾಗ ಖರೇ ಯಾವುದ್ರಿ?” ಎಂದಳು. ಎರಡೂ ಖರೆ ಎಂದೆ. ಆದರೆ ಬೆಂಗಳೂರಿನವರೂ ನಾಗನೂರದವರೂ ಜಪಾನಿನವರೂ ಒಂದೇ ಗಿಡದ ಬಗ್ಗೆ ಮಾತಾಡುತ್ತಿದ್ದೇವೆಂದು ತಿಳಿಯಲು ಮೂರನೆಯ ಹೆಸರು ಬೇಕು. ಅದು ‘ಸಿಡಿಯಮ್ ಗ್ವಾಜಾವ’. ಸ್ವೀಡನ್ನಿನ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಇಂಥ ಎರಡು ಪದಗಳ ಹೆಸರನ್ನು ಸಸ್ಯಗಳಿಗೆಲ್ಲ ಬಳಸಿದ. ಮೂರನೆಯ ಕಾಲಂ ಸೇರಿಸಿದೆ, ಮೊದಲೆರಡನ್ನು ಅಳಿಸಲಿಲ್ಲ.

ಎರಡನೆಯ ಅವಧಿ

ಗುಂಪುಗಳಿಗೆ ಮೂರು ಬಗೆಯ ಎಲೆ ಕೊಟ್ಟು, ತಿಕ್ಕಿ ಮೂಸಿರಿ, ಬಿಸಿಲಿಗೆ ಹಿಡಿದು ನೋಡಿರಿ ಎಂದೆ. ಮೂರರಲ್ಲೂ ಘಮವಿತ್ತು. ಎಳೆಯ ಎಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡವು. ಅವು ಎಣ್ಣೆಯ ಗ್ರಂಥಿಗಳು. ಪೇರಲ, ನೇರಳೆ, ನೀಲಗಿರಿ ಮೂರೂ ಮಿರ್ಟೇಸಿ ಕುಟುಂಬದವು ಎಂದಾಗ “ಅಣ್ಣ ತಮ್ಮಂದಿರ ಮಕ್ಕಳ ಹಂಗ್ರಿ” ಎಂದು ಹಿಂದಿನ ಸಾಲಿನಿಂದ ಮಾತು ಬಂತು. ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಆಮೇಲೆ ಅಂಗಳದ ಗಿಡಗಳಿಗೆ ಹೆಸರುಹಲಗೆ ಬರೆದೆವು. ಮೊದಲು ಊರಿನ ಹೆಸರು, ನಂತರ ಪುಸ್ತಕದ ಹೆಸರು, ವೈಜ್ಞಾನಿಕ ಹೆಸರು, ಕೊನೆಗೆ ಮೂಲನೆಲೆ. ಬೇವಿಗೆ ‘ಅಜಡಿರಾಕ್ಟ ಇಂಡಿಕ’, ಹುಣಸಿಗೆ ‘ಟ್ಯಾಮರಿಂಡಸ್ ಇಂಡಿಕ’. ಎರಡರಲ್ಲೂ ‘ಇಂಡಿಕ’ ಇರುವುದರಿಂದ ಎರಡೂ ನಮ್ಮ ದೇಶದವೇ ಎಂದು ಮಕ್ಕಳು ತೀರ್ಮಾನಿಸಿದರು. ಬೇವಿನ ಮಟ್ಟಿಗೆ ಅದು ಸರಿ. ಹುಣಸಿಯ ಮೂಲ ಆಫ್ರಿಕಾ. ಬಹಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾದ ಗಿಡ. ವೈಜ್ಞಾನಿಕ ಹೆಸರು ಗಿಡ ಯಾವುದೆಂದು ಹೇಳುತ್ತದೆ, ಆದರೆ ಅದರ ಮೂಲಕ್ಕೆ ಬೇರೆ ಆಧಾರ ಬೇಕು ಎಂಬುದು ಹೀಗೆ ಸ್ಪಷ್ಟವಾಯಿತು. ಪೇರಲ, ಗೋವಿನಜೋಳ, ಮೆಣಸಿನಕಾಯಿ, ಶೇಂಗಾ ಅಮೆರಿಕ ಖಂಡಗಳಿಂದ ಬಂದವು ಎಂದಾಗ “ನಮ್ಮ ಖಾರಾನೂ ಹೊರಗಿಂದೇನ್ರಿ?” ಎಂದು ತರಗತಿಯೇ ಬೆರಗಾಯಿತು.

ಮೌಲ್ಯಮಾಪನ ಮತ್ತು ಅನುಭವ

ಮನೆಯ ಹಿರಿಯರನ್ನು ಕೇಳಿ ಐದು ಗಿಡಗಳ ಹೆಸರು, ಉಪಯೋಗ ಬರೆದು ತರುವುದು ಗೃಹಪಾಠವಾಗಿತ್ತು. ಓದು ಬರಹ ಬಾರದ ಅಜ್ಜಿಯರೂ ಇದರಲ್ಲಿ ಪಾಲ್ಗೊಂಡರು. ಅದೇ ಪೂರ್ವಪರೀಕ್ಷೆಯನ್ನು ಮತ್ತೆ ಕೊಟ್ಟಾಗ ಆ ವಿದ್ಯಾರ್ಥಿನಿ ‘ಪೇರಲ (ಸೀಬೆ)’ ಎಂದು ಬರೆದಳು. ಪೂರ್ಣ ಅಂಕ ಕೊಟ್ಟೆ. ಬರೀ ‘ಪೇರಲ’ ಎಂದಿದ್ದರೂ ಕೊಡುತ್ತಿದ್ದೆ.

ಈ ಪಾಠ ಕೈಗೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಮೂರು ಸೂಚನೆಗಳು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಬೇಡಿರಿ. ತಂತಿಯನ್ನು ಸಡಿಲವಾಗಿ ಕಟ್ಟಿರಿ, ಬುಡ ದಪ್ಪವಾದಂತೆ ಬಿಗಿ ತಂತಿ ತೊಗಟೆಯನ್ನು ಕೊಯ್ಯುತ್ತದೆ. ಖಚಿತವಾಗಿ ಗುರುತಿಸಿದ ಗಿಡಕ್ಕೆ ಮಾತ್ರ ಹಲಗೆ ಬರೆಯಿಸಿರಿ. ಊರಿನ ಹೆಸರನ್ನು ಯಾವಾಗಲೂ ಮೊದಲ ಸಾಲಿನಲ್ಲಿ ಇಡಿರಿ, ಏಕೆಂದರೆ ಮಗು ಓದಲು ಆರಂಭಿಸುವುದು ಅಲ್ಲಿಂದಲೇ.