ಹಾಸು ಹೊಕ್ಕಿನ ಕವಿ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವು ನೇಕಾರರ ಊರು. ಹತ್ತಿ ಮತ್ತು ರೇಷ್ಮೆಯ ನೂಲಿನಿಂದ ಇಲ್ಲಿ ನೇಯುವ ಕುಪ್ಪಸದ ಖಣ ನಾಡಿನಲ್ಲೆಲ್ಲ ಹೆಸರಾದುದು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳನ್ನು ಹಾಸು ಎಂದೂ, ಲಾಳಿಯೊಡನೆ ಅಡ್ಡಲಾಗಿ ಓಡುವ ಎಳೆಯನ್ನು ಹೊಕ್ಕು ಎಂದೂ ಕರೆಯುತ್ತಾರೆ. ಹಾಸು ಮಾತ್ರವಿದ್ದರೆ ಅದು ಬರಿಯ ನೂಲಿನ ಸಾಲು. ಹೊಕ್ಕು ಮಾತ್ರವಿದ್ದರೆ ಅದು ನೂಲಿನ ಸುರುಳಿ. ಎರಡೂ ಕೂಡಿದಾಗಲೇ ಬಟ್ಟೆಯಾಗುತ್ತದೆ. ಈ ಮಾತು ಬಟ್ಟೆಗಷ್ಟೇ ಅಲ್ಲ, ಕೆಲವರ ಬಾಳಿಗೂ ಒಪ್ಪುತ್ತದೆ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಅಮೆರಿಕದ ಶಿಕಾಗೊ ನಗರದಲ್ಲಿ ಮೂರು ದಶಕಗಳ ಕಾಲ ನೆಲೆಸಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ನವ್ಯಕಾವ್ಯವನ್ನು ಬರೆದ ಎ. ಕೆ. ರಾಮಾನುಜನ್ ಅಂಥವರಲ್ಲಿ ಒಬ್ಬರು. ಗುಳೇದಗುಡ್ಡಕ್ಕೆ ದೂರವಲ್ಲದ ಕೂಡಲಸಂಗಮದ ವಚನಗಳನ್ನು ಜಗತ್ತಿನ ಓದುಗರ ಕೈಗೆ ಮುಟ್ಟಿಸಿದವರಲ್ಲಿ ಅವರು ಪ್ರಮುಖರು.

ಅತ್ತಿಪಟೆ ಕೃಷ್ಣಸ್ವಾಮಿ ರಾಮಾನುಜನ್ ಅವರು 1929ರ ಮಾರ್ಚ್ 16ರಂದು ಜನಿಸಿದರು. ಅವರ ತಂದೆ ಮೈಸೂರಿನಲ್ಲಿ ಗಣಿತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಖಗೋಲವಿಜ್ಞಾನದಲ್ಲಿಯೂ ಜ್ಯೋತಿಷ್ಯದಲ್ಲಿಯೂ ಸಮಾನವಾದ ಆಸಕ್ತಿಯುಳ್ಳವರು. ಅವರ ಮನೆಯೇ ಒಂದು ಭಾಷಾಶಾಲೆಯಂತಿತ್ತು. ಮಹಡಿಯ ಮೇಲಿನ ತಂದೆಯ ಕೋಣೆಯಲ್ಲಿ ಇಂಗ್ಲಿಷು ಮತ್ತು ಸಂಸ್ಕೃತ. ಕೆಳಗೆ ಅಡುಗೆಮನೆಯಲ್ಲಿ ತಾಯಿಯ ತಮಿಳು. ಬಾಗಿಲು ದಾಟಿ ಬೀದಿಗಿಳಿದರೆ ಗೆಳೆಯರ ಕನ್ನಡ. ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಬಾಲಕನ ಭಾಷೆ ಬದಲಾಗುತ್ತಿತ್ತು. ಕನ್ನಡವು ಅವರಿಗೆ ತೊಟ್ಟಿಲಿನ ಭಾಷೆಯಲ್ಲ, ಬೀದಿಯ ಭಾಷೆ. ಆದರೂ ಅವರು ತಮ್ಮ ಕಾವ್ಯಕ್ಕೆ ಆರಿಸಿಕೊಂಡ ಎರಡು ಭಾಷೆಗಳಲ್ಲಿ ಅದು ಒಂದಾಯಿತು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ ಪದವಿ ಪಡೆದ ಬಳಿಕ ರಾಮಾನುಜನ್ ಅವರು ಕೇರಳ ಮತ್ತು ತಮಿಳುನಾಡಿನ ಕಾಲೇಜುಗಳಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ಅನಂತರ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಬಂದರು. ಉತ್ತರ ಕರ್ನಾಟಕದಲ್ಲಿ ಕಳೆದ ಈ ವರ್ಷಗಳು ಅವರ ಬದುಕಿನಲ್ಲಿ ಬಹಳ ಬೆಲೆಯುಳ್ಳವು. ತರಗತಿಯಲ್ಲಿ ಅವರು ಷೇಕ್ಸ್‌ಪಿಯರನ ನಾಟಕವನ್ನು ಹೇಳುತ್ತಿದ್ದರು. ತರಗತಿಯ ಹೊರಗೆ ಅಜ್ಜಿಯರ ಬಾಯಿಂದ ಕಥೆಗಳನ್ನೂ ಗಾದೆಗಳನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಓದುಬರಹ ಬಲ್ಲವರು ಅಡುಗೆಮನೆಯ ಮಾತೆಂದು ಕಡೆಗಣಿಸಿದ್ದ ಸಾಹಿತ್ಯದಲ್ಲಿ ಅವರು ಮಹಾಕಾವ್ಯಗಳಿಗೆ ಕಡಿಮೆಯಲ್ಲದ ಜೀವಂತಿಕೆಯನ್ನು ಕಂಡರು. 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಅವರ 'ಗಾದೆಗಳು' ಎಂಬ ಪುಸ್ತಕವನ್ನು ಪ್ರಕಟಿಸಿತು. ಮುಂದೆ ಜಗತ್ತಿನ ದೊಡ್ಡ ಪ್ರಕಾಶನಗಳಿಂದ ಪುಸ್ತಕಗಳನ್ನು ಹೊರತಂದ ಈ ಕವಿಯ ಪುಸ್ತಕಗಳ ಸಾಲು ಹೀಗೆ ಕನ್ನಡದ ಗಾದೆಗಳಿಂದ ಮೊದಲಾಯಿತು.

ಭಾಷಾಶಾಸ್ತ್ರವನ್ನು ಆಳವಾಗಿ ಅಭ್ಯಸಿಸುವ ಹಂಬಲದಿಂದ ರಾಮಾನುಜನ್ ಅವರು 1959ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕೆಗೆ ಹೋದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕನ್ನಡ ವ್ಯಾಕರಣವನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದು 1963ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಅಷ್ಟರಲ್ಲಿಯೇ ಅವರು ಶಿಕಾಗೊ ವಿಶ್ವವಿದ್ಯಾಲಯವನ್ನು ಸೇರಿಯಾಗಿತ್ತು.

ಅಲ್ಲಿ 1962ರ ಒಂದು ಶನಿವಾರ ನಡೆದ ಘಟನೆಯೊಂದು ಅವರ ಜೀವನದ ದಿಕ್ಕನ್ನು ನಿರ್ಧರಿಸಿತು. ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಅವರು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಇನ್ನೂ ಪಟ್ಟಿಗೆ ಸೇರದೆ ಬಿದ್ದಿದ್ದ ಪುಸ್ತಕಗಳ ನಡುವೆ ಒಂದು ಗ್ರಂಥ ಅವರ ಕೈಗೆ ಬಂದಿತು. ಅದು ಉ. ವೇ. ಸ್ವಾಮಿನಾಥಯ್ಯರ್ ಅವರು ವಿಸ್ತಾರವಾದ ವ್ಯಾಖ್ಯಾನದೊಡನೆ ಸಂಪಾದಿಸಿ 1937ರಲ್ಲಿ ಹೊರತಂದ 'ಕುರುಂತೊಗೈ', ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ತಮಿಳು ಕವಿತೆಗಳ ಸಂಕಲನ. ತಾಯಿಯ ಭಾಷೆ ತಮಿಳಾಗಿದ್ದರೂ ಆ ಕವಿತೆಗಳ ಸೊಗಸು ಅವರಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಸ್ವಂತ ಪರಂಪರೆಯಾದರೂ ಹುಟ್ಟಿನಿಂದಲೇ ದಕ್ಕುವ ಆಸ್ತಿಯಲ್ಲ, ದುಡಿದು ಗಳಿಸಿಕೊಳ್ಳಬೇಕಾದುದು ಎಂಬ ಅರಿವು ಆ ನೆಲಮಾಳಿಗೆಯಲ್ಲಿ ಅವರಿಗೆ ಉಂಟಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸ್ವಾಮಿನಾಥಯ್ಯರ್ ಅವರು ಊರೂರು ಅಲೆದು ಗೆದ್ದಲು ತಿನ್ನುತ್ತಿದ್ದ ಓಲೆಗರಿಗಳನ್ನು ಹುಡುಕಿ ತಂದು, ಪಾಠಗಳನ್ನು ಹೋಲಿಸಿ ನೋಡಿ, ಹಳೆಯ ಗ್ರಂಥಗಳನ್ನು ಅಚ್ಚು ಮಾಡಿಸಿದವರು. ಅವರು 1942ರಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷಗಳ ಅನಂತರ ಸಾವಿರಾರು ಮೈಲಿಗಳಾಚೆ ತಮ್ಮ ಪುಸ್ತಕಕ್ಕೆ ಇಂಥ ಒಬ್ಬ ಓದುಗ ದೊರೆಯುವನೆಂದು ಅವರು ಎಣಿಸಿರಲಾರರು. ಒಳ್ಳೆಯ ಆವೃತ್ತಿಯೊಂದು ಮಾಡುವ ಕೆಲಸವೇ ಇದು. ಎಂದೋ ಬರಲಿರುವ ಓದುಗನಿಗಾಗಿ ಅದು ಕಾದಿರುತ್ತದೆ.

ಆ ಶನಿವಾರದ ಫಲವಾಗಿ ರಾಮಾನುಜನ್ ಅವರು ಪ್ರಾಚೀನ ತಮಿಳು ಕವಿತೆಗಳನ್ನು ಇಂಗ್ಲಿಷಿಗೆ ತರಲಾರಂಭಿಸಿದರು. ಮೊದಲು ಹೊರಬಂದದ್ದು ಹದಿನೈದು ಕವಿತೆಗಳ ತೆಳುವಾದ ಪುಸ್ತಕ. 1965ರಲ್ಲಿ ಅದನ್ನು ಪ್ರಕಟಿಸಿದವರು ಕಲ್ಕತ್ತೆಯ ರೈಟರ್ಸ್ ವರ್ಕ್‌ಷಾಪ್ ಎಂಬ ಚಿಕ್ಕ ಪ್ರಕಾಶನದವರು. ಈ ಸಂಸ್ಥೆಯು ಕೈಮಗ್ಗದ ಸೀರೆಯ ಬಟ್ಟೆಯನ್ನು ರಟ್ಟಿಗೆ ಹೊದಿಸಿ ಕಟ್ಟಿದ ಪುಸ್ತಕಗಳಿಂದ ಪ್ರಸಿದ್ಧವಾಯಿತು. ನೇಕಾರನ ಕೆಲಸವೂ ಕವಿಯ ಕೆಲಸವೂ ಅಂಥ ಪುಸ್ತಕಗಳಲ್ಲಿ ಒಂದಾಗಿ ಸೇರಿವೆ. 1967ರಲ್ಲಿ 'ಕುರುಂತೊಗೈ'ಯಿಂದ ಆಯ್ದ ಕವಿತೆಗಳ ಅನುವಾದವಾದ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಅಮೆರಿಕದಲ್ಲಿ ಪ್ರಕಟವಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಜ್ರಾ ಪೌಂಡ್, ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಮೊದಲಾದ ಅಮೆರಿಕದ ಕವಿಗಳು ಕಾವ್ಯದ ಹಳೆಯ ಅಲಂಕಾರಗಳನ್ನು ಕಳಚಿ, ಆಡುಮಾತಿನ ಲಯವನ್ನೂ ಕಣ್ಣಿಗೆ ಕಟ್ಟುವ ಚಿತ್ರವನ್ನೂ ನೆಚ್ಚಿಕೊಂಡಿದ್ದರು. ಪೌಂಡ್ ಅವರು ಚೀನಾದ ಪ್ರಾಚೀನ ಕವಿತೆಗಳ ರೂಪಾಂತರವಾದ 'ಕ್ಯಾಥೇ' ಎಂಬ ಕಿರುಹೊತ್ತಗೆಯನ್ನು 1915ರಲ್ಲಿ ಪ್ರಕಟಿಸಿದಾಗ, ಹಳೆಯದರ ಅನುವಾದವೇ ಹೊಸ ಕಾವ್ಯದ ದಾರಿಯಾಗಬಲ್ಲದೆಂಬುದು ತೋರಿಬಂದಿತು. ಕನ್ನಡದಲ್ಲಿಯೂ 1950ರ ದಶಕದ ಹೊತ್ತಿಗೆ ವಿ. ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ ಮೊದಲಾದವರಿಂದ ನವ್ಯಕಾವ್ಯವು ನೆಲೆಗೊಂಡಿತ್ತು. ರಾಮಾನುಜನ್ ಅವರ ಕಾವ್ಯದಲ್ಲಿ ಈ ಎರಡು ಧಾರೆಗಳೂ ಕಲೆತಿವೆ. ಅವರ ಮೊದಲ ಇಂಗ್ಲಿಷ್ ಕವನಸಂಕಲನ 'ದಿ ಸ್ಟ್ರೈಡರ್ಸ್' 1966ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಹೊರಬಂದಿತು. ಮುಳುಗದೆ ನೀರಿನ ಮೇಲೆ ಓಡಾಡುವ ಒಂದು ಹುಳುವಿನ ಹೆಸರು ಅದು. ಆಕಾಶದ ಚಂದ್ರನನ್ನು ಬಿಟ್ಟು ಕೊಳದ ಹುಳುವಿನ ಹೆಸರನ್ನು ಪುಸ್ತಕಕ್ಕೆ ಇಟ್ಟದ್ದರಲ್ಲಿಯೇ ಕವಿಯ ಮನೋಧರ್ಮವು ವ್ಯಕ್ತವಾಗುತ್ತದೆ.

ಮೂರು ವರ್ಷಗಳ ಬಳಿಕ, 1969ರಲ್ಲಿ, ಅವರ ಮೊದಲ ಕನ್ನಡ ಕವನಸಂಕಲನ 'ಹೊಕ್ಕುಳಲ್ಲಿ ಹೂವಿಲ್ಲ' ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ವಿಷ್ಣುವಿನ ಹೊಕ್ಕುಳಿನಿಂದ ಕಮಲವು ಅರಳಿತೆಂದು ಪುರಾಣವು ಹೇಳುತ್ತದೆ. ಸಾಮಾನ್ಯ ಮನುಷ್ಯನ ಹೊಕ್ಕುಳಲ್ಲಿ ಹೂವಿಲ್ಲ. ಅವನು ತನ್ನ ಬರಿಯ ಬದುಕಿನಿಂದಲೇ ಅರ್ಥವನ್ನು ಹುಟ್ಟಿಸಿಕೊಳ್ಳಬೇಕು ಎಂಬ ಧ್ವನಿಯನ್ನು ಆ ಹೆಸರಿನಲ್ಲಿ ಕಾಣಬಹುದು. ಶಿಕಾಗೊದ ಹಿಮದ ನಡುವೆ ಕುಳಿತ ಕವಿ ತನ್ನ ಕನ್ನಡದ ಹಸ್ತಪ್ರತಿಯನ್ನು ಧಾರವಾಡಕ್ಕೆ ಒಪ್ಪಿಸಿದನೆಂಬುದು ಅರ್ಥಪೂರ್ಣವಾಗಿದೆ. 'ಮತ್ತು ಇತರ ಪದ್ಯಗಳು' 1977ರಲ್ಲಿ, 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಕಿರುಕಾದಂಬರಿ 1978ರಲ್ಲಿ, 'ಕುಂಟೋಬಿಲ್ಲೆ' 1990ರಲ್ಲಿ ಬೆಳಕು ಕಂಡವು. ದೂರ ಹೋದವರೆಲ್ಲರೂ ಭಾಷೆಯನ್ನು ಮರೆಯುವುದಿಲ್ಲವೆಂಬುದಕ್ಕೆ ಈ ಪುಸ್ತಕಗಳೇ ಸಾಕ್ಷಿ. ಇಂಡಿಯನ್-ಅಮೆರಿಕನ್ ಎಂಬ ಮಾತಿನ ನಡುವಿನ ಕಿರುಗೆರೆಯೇ ತಾನೆಂದು ಅವರು ವಿನೋದವಾಗಿ ಹೇಳಿಕೊಳ್ಳುತ್ತಿದ್ದರು. ಆ ಗೆರೆಯು ಎರಡನ್ನು ಬೇರೆ ಮಾಡುವುದಲ್ಲ, ಕೂಡಿಸುವುದು.

ಈ ಕೂಡಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಓದುಗರನ್ನು ತಲುಪಿದ್ದು 1973ರಲ್ಲಿ ಪೆಂಗ್ವಿನ್ ಪ್ರಕಾಶನವು ಹೊರತಂದ 'ಸ್ಪೀಕಿಂಗ್ ಆಫ್ ಶಿವ'. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳ ಇಂಗ್ಲಿಷ್ ಅನುವಾದ ಅದರಲ್ಲಿದೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮದ ದೇವನನ್ನು ಅಂಕಿತವಾಗಿಸಿಕೊಂಡವರು ಬಸವಣ್ಣ. ರಾಮನಾಥನನ್ನು ಅಂಕಿತವಾಗಿಸಿಕೊಂಡ ದಾಸಿಮಯ್ಯನವರಾದರೋ ನೇಕಾರರು. ಗುಳೇದಗುಡ್ಡದಂತಹ ಊರುಗಳ ನೇಕಾರರು ತಮ್ಮ ಹಿರಿಯರೆಂದು ಗೌರವಿಸುವ ಶರಣರ ಮಾತು ಹೀಗೆ ನ್ಯೂಯಾರ್ಕಿನ, ಲಂಡನ್ನಿನ ವಿದ್ಯಾರ್ಥಿಯ ಚೀಲವನ್ನು ಸೇರಿತು. ಅದು ಶ್ರೀಮಂತರ ಕಪಾಟಿಗೆಂದು ಮಾಡಿದ ಗ್ರಂಥವಲ್ಲ, ಕಾಗದದ ಹೊದಿಕೆಯ ಸಾಮಾನ್ಯ ಪುಸ್ತಕ.

ಈ ಪುಸ್ತಕದ ಹಿಂದೆಯೂ ಓಲೆಗರಿಗಳನ್ನು ಹುಡುಕಿದ ಒಬ್ಬರ ಶ್ರಮವಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೆ, ಮಠಮಠಗಳಿಗೆ ತಿರುಗಿ ವಚನಗಳ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ವಚನಗಳ ಅಚ್ಚಿಗಾಗಿ ಸ್ವಂತ ಮುದ್ರಣಾಲಯವನ್ನು ತೆರೆದರು. ಇದ್ದ ಮನೆಯನ್ನೂ ಮಾರಿದರು. ತಮಿಳಿಗೆ ಸ್ವಾಮಿನಾಥಯ್ಯರ್ ಹೇಗೋ, ವಚನಗಳಿಗೆ ಹಳಕಟ್ಟಿಯವರು ಹಾಗೆ. ಇಂಥವರು ಅಚ್ಚಿನ ದಾರಿಯನ್ನು ತೆರೆದುದರಿಂದಲೇ, ಸರಿಯಾಗಿ ಐವತ್ತು ವರ್ಷಗಳ ಬಳಿಕ, ಆ ದಾರಿ ಕಡಲಾಚೆಗೂ ಮುಂದುವರಿಯಿತು.

'ಸ್ಪೀಕಿಂಗ್ ಆಫ್ ಶಿವ'ದ ಮುನ್ನುಡಿಯಲ್ಲಿ ರಾಮಾನುಜನ್ ಅವರು ಬಸವಣ್ಣನವರ ಸ್ಥಾವರ ಮತ್ತು ಜಂಗಮ ಎಂಬ ಪರಿಕಲ್ಪನೆಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಈ ವಿವೇಕವನ್ನು ಪುಸ್ತಕಗಳಿಗೂ ಅನ್ವಯಿಸಬಹುದು. ಪ್ರಸಿದ್ಧ ಕವಿಗಳ ಪುಸ್ತಕಗಳ ಪ್ರಥಮ ಮುದ್ರಣಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಪ್ರಥಮ ಮುದ್ರಣದ ಪ್ರತಿಗಳು ಸಾಮಾನ್ಯವಾಗಿ ಕೆಲವೇ ಇರುತ್ತವೆ. ಹೊದಿಕೆ ಹರಿಯದೆ, ಹಾಳೆ ಮುರಿಯದೆ ಉಳಿದ ಪ್ರತಿಗಳು ಇನ್ನೂ ಕಡಿಮೆ. ಕವಿಯ ಹಸ್ತಾಕ್ಷರವಿದ್ದರಂತೂ ಬೆಲೆ ಮತ್ತಷ್ಟು ಏರುತ್ತದೆ. ಆದರೆ ಬೆಲೆಯು ಮಾತ್ರವೇ ಇಂಥ ಪ್ರತಿಯ ಮಹತ್ವವಲ್ಲ. ಕವಿತೆಯು ಮೊತ್ತಮೊದಲು ಯಾವ ರೂಪದಲ್ಲಿ ಓದುಗರ ಮುಂದೆ ಬಂದಿತು, ಮುಂದಿನ ಮುದ್ರಣಗಳಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿಯಲು ಅದೇ ಆಧಾರ. ಬೀಗ ಹಾಕಿದ ಕಪಾಟಿನಲ್ಲಿಯೇ ಉಳಿದ ಪುಸ್ತಕ ಸ್ಥಾವರ; ತೆರೆದು ಓದಿದಾಗ ಅದೇ ಜಂಗಮವಾಗುತ್ತದೆ. ಶಿಕಾಗೊದ ನೆಲಮಾಳಿಗೆಯಲ್ಲಿದ್ದ 'ಕುರುಂತೊಗೈ' ಓದುಗನೊಬ್ಬನ ಕೈ ಸೋಕುವವರೆಗೆ ನಿಂತ ನೀರಾಗಿತ್ತು.

ರಾಮಾನುಜನ್ ಅವರಿಗೆ ಹಲವು ಗೌರವಗಳು ಸಂದವು. 1976ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಗೆ ಅವರು ಮಾಡಿದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. 1983ರಲ್ಲಿ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೊಶಿಪ್ ದೊರೆಯಿತು. 1993ರ ಜುಲೈ 13ರಂದು, ಇನ್ನೂ ಅನೇಕ ಕೆಲಸಗಳು ಅರ್ಧಕ್ಕೆ ನಿಂತಿರುವಾಗಲೇ, ಅವರು ಶಿಕಾಗೊದಲ್ಲಿ ನಿಧನರಾದರು. ಆಗ ಅವರಿಗೆ 64 ವರ್ಷ. ಅಚ್ಚಾಗದ ಕವಿತೆಗಳು, ಟಿಪ್ಪಣಿಗಳು, ದಿನಚರಿಗಳು ಬಹಳಷ್ಟು ಉಳಿದಿದ್ದವು.

ಜೀವಮಾನವೆಲ್ಲ ಅನ್ಯರ ಮಾತುಗಳನ್ನು ಉಳಿಸಿದ ಕವಿಯ ಮಾತುಗಳನ್ನು ಈಗ ಉಳಿದವರು ಉಳಿಸಬೇಕಾಯಿತು. ಆಪ್ತರೂ ವಿದ್ವಾಂಸರೂ ಸೇರಿ, ಅಪ್ರಕಟಿತ ಕವಿತೆಗಳಿಂದ ಆಯ್ದವನ್ನೂ ಸೇರಿಸಿ, 1995ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಸಂಪುಟವನ್ನು ಹೊರತಂದರು. ಅದಕ್ಕೆ 1999ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಅವರು ಸಂಗ್ರಹಿಸಿದ್ದ ಕನ್ನಡದ ಜನಪದ ಕಥೆಗಳು 1997ರಲ್ಲಿ 'ಎ ಫ್ಲವರಿಂಗ್ ಟ್ರೀ' ಎಂಬ ಹೆಸರಿನಲ್ಲಿ ಪ್ರಕಟವಾದವು. ಹೂಮರವಾಗಬಲ್ಲ ಹುಡುಗಿಯ ಕಥೆ ಅದರಲ್ಲಿದೆ. ಕನ್ನಡನಾಡಿನ ಹೆಂಗಸರು ಮಕ್ಕಳಿಗೆ ಹೇಳುತ್ತಿದ್ದ ಆ ಕಥೆಯನ್ನು ಆಧರಿಸಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ರಚಿಸಿದ ಸಂಗೀತನಾಟಕವು 2006ರಲ್ಲಿ ವಿಯೆನ್ನಾ ನಗರದಲ್ಲಿ ಪ್ರದರ್ಶಿತವಾಯಿತು. ಬಿಡಿಬಿಡಿಯಾಗಿದ್ದ ಅವರ ಕನ್ನಡ ಬರಹಗಳನ್ನು ಮನೋಹರ ಗ್ರಂಥಮಾಲೆಯು 2011ರಲ್ಲಿ ಸಮಗ್ರ ಸಂಪುಟವಾಗಿ ಕಟ್ಟಿಕೊಟ್ಟಿತು. ಅವರ ಹಸ್ತಪ್ರತಿಗಳು ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂದು ಸುರಕ್ಷಿತವಾಗಿವೆ. ಯಾವ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಅವರು ಇತರರ ಕವಿತೆಗಳನ್ನು ಕಂಡುಕೊಂಡರೋ, ಆ ವಿಶ್ವವಿದ್ಯಾಲಯವೇ ಅವರ ಕಾಗದಪತ್ರಗಳನ್ನು ಮುಂದಿನ ಓದುಗರಿಗಾಗಿ ಕಾಯ್ದಿರಿಸಿದೆ.

ಊರಿನ ವಾಚನಾಲಯದಲ್ಲಿಯೋ ಮನೆಯ ಅಟ್ಟದ ಮೇಲೆಯೋ ಹಳೆಯ ಪುಸ್ತಕವೊಂದು ಕೈಗೆ ಸಿಕ್ಕಿದರೆ ಅದನ್ನು ರದ್ದಿಗೆ ಹಾಕುವ ಮುನ್ನ ಮೊದಲ ಪುಟಗಳನ್ನು ತಿರುವಿ ನೋಡಬೇಕು. ಬರೆದವರು ಯಾರು, ಸಂಪಾದಿಸಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಅಚ್ಚಾಯಿತು ಎಂಬ ನಾಲ್ಕು ಸಾಲುಗಳ ಹಿಂದೆ ಎಷ್ಟೋ ಜನರ ಬಾಳು ಅಡಗಿರುತ್ತದೆ. ಗುಳೇದಗುಡ್ಡದ ನೇಕಾರನು ತನ್ನ ಖಣವನ್ನು ಯಾವ ಊರಿನ ಯಾರು ಉಡುವರೆಂದು ಅರಿಯನು. ಆದರೂ ಒಂದು ಎಳೆಯೂ ತಪ್ಪದಂತೆ ನೇಯುತ್ತಾನೆ. ಕವಿಯೂ ಸಂಪಾದಕನೂ ಅನುವಾದಕನೂ ಮಾಡುವ ಕೆಲಸ ಅದೇ. ಅವರು ನೇಯ್ದುದನ್ನು ಹರಿಯಗೊಡದೆ ಬಳಸಿ, ಮುಂದಿನವರಿಗೆ ದಾಟಿಸುವುದು ಓದುಗನ ಪಾಲಿನ ಕೆಲಸ.