ಬದು ಒಡೆಯುವ ಮುನ್ನ

ಪ್ರಶ್ನೆ: ನನಗೆ 25 ವರ್ಷ. ನಮ್ಮದು ಮೂರು ಎಕರೆ ಭತ್ತದ ಗದ್ದೆ. ಕಾಲುವೆ ನೀರಿನ ಪಾಳಿ ರಾತ್ರಿ ಬಂದರೆ ನಾನೇ ಹೋಗುತ್ತೇನೆ. ನೀರು ಕಟ್ಟಿ ಬದುವಿನ ಮೇಲೆ ಕೂತಾಗ ಕೈಯಲ್ಲಿ ಮೊಬೈಲು. ಮೂರು ವರ್ಷದಿಂದ ಅಶ್ಲೀಲ ವಿಡಿಯೊ ನೋಡುವ ಚಟ ಅಂಟಿಕೊಂಡಿದೆ. ಭಾನುವಾರ ಸಭೆಯಲ್ಲಿ ಅತ್ತು ಪ್ರಮಾಣ ಮಾಡುತ್ತೇನೆ, ಬುಧವಾರದ ಹೊತ್ತಿಗೆ ಮತ್ತೆ ಬೀಳುತ್ತೇನೆ. ಈಗ ಕರ್ತನ ಭೋಜನಕ್ಕೂ ಕೈ ಚಾಚುತ್ತಿಲ್ಲ. ಮುಂದೆ ನಿಂತು ಹಾಡುವಾಗ ನಾನೊಬ್ಬ ಕಪಟಿ ಅನಿಸುತ್ತದೆ. ಮನೆಯಲ್ಲಿ ಮದುವೆ ಮಾತುಕತೆ ನಡೆದಿದೆ. ಮದುವೆಯಾದರೆ ಇದು ಬಿಟ್ಟುಹೋಗುತ್ತದೆಯೇ? ದೇವರು ನನ್ನನ್ನು ಕೈಬಿಟ್ಟನೇ?
— ಹೆಸರು ಬೇಡ, ಗೊರೇಬಾಳ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ ತಮ್ಮಾ, ಕೈಬಿಟ್ಟಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ತೆರೆದು ನೋಡಿ. ಬೇಡವೆಂದುಕೊಂಡಿದ್ದನ್ನೇ ಮಾಡಿಬಿಡುವ ಸಂಕಟವನ್ನು ಪೌಲ ಅಲ್ಲಿ ತೋಡಿಕೊಂಡಿದ್ದಾನೆ. 8ನೇ ಅಧ್ಯಾಯ ಶುರುವಾಗುವುದೇ ಕ್ರಿಸ್ತನಲ್ಲಿರುವವರಿಗೆ ದಂಡನೆಯಿಲ್ಲ ಎಂಬ ಭರವಸೆಯಿಂದ. ನೀವು 7ರಲ್ಲೇ ಕೂತುಬಿಟ್ಟಿದ್ದೀರಿ. ಪುಟ ತಿರುವಿ.

ಶೋಧನೆ ಬೇರೆ, ಪಾಪ ಬೇರೆ. ಯೇಸುವನ್ನೂ ಸೈತಾನ ಅಡವಿಯಲ್ಲಿ 40 ದಿನ ಶೋಧಿಸಿದ. ಮನಸ್ಸಿಗೆ ಒಂದು ಚಿತ್ರ ಬಂದ ಮಾತ್ರಕ್ಕೆ ನೀವು ಸೋತಿಲ್ಲ. ಅದನ್ನು ಕರೆದು ಕೂರಿಸಿದಾಗ ಸೋಲು ಶುರುವಾಗುತ್ತದೆ.

ನೀರು ಕಟ್ಟುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬದುವಿನಲ್ಲಿ ಏಡಿ ಕೊರೆದ ಬೆರಳಗಲದ ತೂತಿಗೆ ಒಂದು ಹಿಡಿ ಕೆಸರು ಸಾಕು. ಉದಾಸೀನ ಮಾಡಿದರೆ ನಸುಕಿನ ಹೊತ್ತಿಗೆ ಬದುವೇ ಕೊಚ್ಚಿಹೋಗಿರುತ್ತದೆ. ಆಗ ಸಲಿಕೆ ಹಿಡಿದು ಎಷ್ಟು ಮಣ್ಣು ಎಳೆದರೂ ನೀರು ನಿಲ್ಲುವುದಿಲ್ಲ. ಮೂರು ವರ್ಷ ನೀವು ಹೋರಾಡಿದ್ದು ಬದು ಒಡೆದ ಮೇಲೆ. ತೂತು ಎಲ್ಲಿ ಬೀಳುತ್ತದೆ ನೋಡಿ: ದಣಿವು, ಒಂಟಿತನ, ಹನ್ನೊಂದು ಗಂಟೆ, ಉಳಿದಿರುವ ಡೇಟಾ. ಮೊದಲು ಕ್ರಿಕೆಟ್ ಸ್ಕೋರು, ಆಮೇಲೆ ರೀಲ್ಸ್, ಆಮೇಲೆ ಅದು. ಆದ್ದರಿಂದ ಮೊದಲನೆಯದು, ಪಾಳಿಗೆ ಹೋಗುವಾಗ ಸ್ಮಾರ್ಟ್‌ಫೋನು ಮನೆಯಲ್ಲೇ ಇರಲಿ, ಜೇಬಿಗೆ ಕೀಪ್ಯಾಡ್ ಫೋನು ಸಾಕು. ಪಕ್ಕದ ಹೊಲದವರ ಜೊತೆ ಹೊಂದಿಸಿಕೊಂಡು ಇಬ್ಬರೂ ಒಟ್ಟಿಗೆ ಹೋಗಿ. ಆಸೆ ಏರಿದಾಗ ಕೂತಲ್ಲೇ ಕೂರಬೇಡಿ, ಎದ್ದು ಬದುವಿನುದ್ದಕ್ಕೂ ನಡೆಯಿರಿ. ಅದು ಏರಿದಂತೆಯೇ ಇಳಿಯುತ್ತದೆ.

ಎರಡನೆಯದು, ಒಬ್ಬರಿಗೆ ಹೇಳಿ. ಸಂತ ಅಗಸ್ಟೀನನೂ ಇಂಥದೇ ಚಟದಲ್ಲಿ ವರ್ಷಗಟ್ಟಲೆ ನರಳಿದವನು. ಅಭ್ಯಾಸವನ್ನು ಅವನು ಕರೆದದ್ದು ತಾನೇ ಕೊಂಡಿ ಕೊಂಡಿಯಾಗಿ ಬೆಸೆದುಕೊಂಡ ಸರಪಳಿ ಎಂದು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನ ಮನಸ್ಸು ತಿರುಗಿದ ದಿನ ಗೆಳೆಯ ಅಲಿಪಿಯಸ್ ಅದೇ ತೋಟದಲ್ಲಿದ್ದ. ಆಮೇಲೆ ಬಿಷಪ್ ಆದ ಮೇಲೂ ಹಳೆಯ ಚಿತ್ರಗಳು ಕನಸಿನಲ್ಲಿ ಕಾಡುತ್ತವೆ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ನಿಮ್ಮ ಕಡೆಯ ಮುದಗಲ್ಲಿನ ಕಥೋಲಿಕರಾದರೆ ಪಾಪನಿವೇದನೆಗೆ ಫಾದರ್ ಬಳಿ ಹೋಗುತ್ತಾರೆ. ನಿಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲದಿದ್ದರೂ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿಕೊಳ್ಳಿ ಎಂದು ಯಾಕೋಬ ಹೇಳಿದ್ದು ಎಲ್ಲರಿಗೂ. ಮಾತು ಹೊರಗೆ ಬಿಡದ ಒಬ್ಬ ಹಿರಿಯರನ್ನು ಆರಿಸಿಕೊಳ್ಳಿ. ಬುಧವಾರ ರಾತ್ರಿಯೇ ಫೋನು ಮಾಡಿ ಹೇಗಿದ್ದೀಯಪ್ಪಾ ಎಂದು ಕೇಳಲು ಹೇಳಿ. ಭಾನುವಾರ ಕೇಳಿದರೆ ತಡವಾಗಿರುತ್ತದೆ.

ಮೂರನೆಯದು, ಜೀವಮಾನದ ಪ್ರಮಾಣ ಬಿಡಿ, ಇವತ್ತಿನ ರಾತ್ರಿಗಷ್ಟೇ ಬಲ ಬೇಡಿ. ಬಿದ್ದರೆ ಭಾನುವಾರದವರೆಗೆ ಕಾಯದೆ ಅದೇ ರಾತ್ರಿ ಏಳಿ. ಹೇಗೂ ಬಿದ್ದೆನಲ್ಲ ಎನ್ನುತ್ತಾ ಕಳೆಯುವ ದಿನಗಳೇ ಮುಂದಿನ ಬೀಳುವಿಕೆಗೆ ದಾರಿ. ನಾಚಿಕೆ ನಮ್ಮನ್ನು ದೇವರಿಂದ ಅಡಗಿಸುತ್ತದೆ, ಪಶ್ಚಾತ್ತಾಪ ದೇವರ ಕಡೆಗೆ ನಡೆಸುತ್ತದೆ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಕರ್ತನು ಕೆರೆದಡದಲ್ಲಿ ಊಟ ಬಡಿಸಿ, ಕುರಿಗಳನ್ನು ಕಾಯುವ ಕೆಲಸ ಒಪ್ಪಿಸಿದ. ಹಾಗಾಗಿ ಕರ್ತನ ಭೋಜನದಿಂದ ಸದ್ದಿಲ್ಲದೆ ಹಿಂದೆ ಸರಿಯಬೇಡಿ, ಈ ವಾರವೇ ಪಾಸ್ಟರ್ ಜೊತೆ ಮಾತಾಡಿ. ಗಾಯವಿದ್ದೂ ಹಾಡುವವನು ಕಪಟಿಯಲ್ಲ. ಗಾಯವೇ ಇಲ್ಲ ಎನ್ನುವವನು ಕಪಟಿ.

ಇನ್ನು ಮದುವೆ. ಅದು ಈ ಚಟಕ್ಕೆ ಔಷಧಿಯಲ್ಲ. ಎಷ್ಟೋ ಮನೆಗಳಲ್ಲಿ ಚಟ ಗಂಡನ ಜೊತೆಗೇ ಒಳಗೆ ಬಂದು ಹೆಂಡತಿಯನ್ನು ಅಳಿಸಿದೆ. ನಿಮ್ಮನ್ನು ಗುಣಪಡಿಸುವ ಹೊರೆ ಆ ಹುಡುಗಿಯದಲ್ಲ. ಹಿರಿಯರ ಸಲಹೆ ಪಡೆದು, ನಿಶ್ಚಿತಾರ್ಥಕ್ಕೆ ಮುನ್ನ ಅವಳಿಗೆ ಸತ್ಯ ಹೇಳಿ. ಮಾತುಕತೆ ಕೆಲವು ತಿಂಗಳು ಮುಂದೆ ಹೋದರೂ ಪರವಾಗಿಲ್ಲ.

ಪ್ರಾರ್ಥನೆಯ ಜೊತೆ ಚಿಕಿತ್ಸೆ ಪಡೆಯುವುದು ಅವಿಶ್ವಾಸವಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊಬೈಲು, ಇಂಟರ್ನೆಟ್ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ನಿಮ್ಮಂಥವರು ಬಹಳ ಮಂದಿ ಇದ್ದಾರೆ ಎಂದೇ ಅದು ಹುಟ್ಟಿದ್ದು.

ಮುಂದಿನ ಪಾಳಿಯ ದಿನ ಸಂಜೆ ಮೊಬೈಲನ್ನು ಅವ್ವನ ಕೈಗೆ ಕೊಟ್ಟು, ಹೊಲದ ದಾರಿ ಹಿಡಿಯುವ ಮುನ್ನ ಆ ಹಿರಿಯರ ಮನೆಯ ಬಾಗಿಲು ತಟ್ಟಿ. ಹೇಳಲು ಮಾತು ಹೊರಡದಿದ್ದರೆ ಈ ಪತ್ರವನ್ನೇ ಅವರ ಮುಂದಿಡಿ.